ಸಕ್ಕರೆ ಹೊದಿಕೆಯ ಹಳೆಯ ವಿದ್ಯೆ

ನಾಸಿಕ್, ಛತ್ರಪತಿ ಸಂಭಾಜಿನಗರಗಳ ಮನೆಗಳಲ್ಲಿ ಕೇಕಿಗೆ ಫಾಂಡಂಟ್ ಎಂಬ ಮೆದು ಸಕ್ಕರೆ ಹಾಳೆ ಹೊದಿಸುವುದನ್ನು ಪರದೇಶದ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ತಿರುಳಾದ ವಿದ್ಯೆ, ಅಂದರೆ ಸಕ್ಕರೆಯ ಹರಳನ್ನು ಹತೋಟಿಯಲ್ಲಿಡುವುದು, ಈ ನೆಲಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೇ ಸಕ್ಕರೆ ಬೆರೆತ ಭಕ್ಷ್ಯಗಳ ವಿಧಾನಗಳಿವೆ. ಗುಡಿ ಪಾಡ್ವಕ್ಕೆ ಮರದ ಅಚ್ಚಿನಲ್ಲಿ ದಾರವಿಟ್ಟು, ಬಿಸಿ ಪಾಕ ಹೊಯ್ದು ಸಕ್ಕರೆ ಹಾರ ಮಾಡುತ್ತಾರೆ. ಸಂಕ್ರಾಂತಿಗೆ ಹೊಸ ಸೊಸೆಗೂ ಎಳೆಯ ಮಗುವಿಗೂ ತೊಡಿಸುವ ಸಕ್ಕರೆಕಾಳಿನ ಒಡವೆಗಳದ್ದು ಇನ್ನೂ ನಾಜೂಕಿನ ಕೆಲಸ. ಸಣ್ಣ ಉರಿಯ ಮೇಲೆ ಎಳ್ಳಿಗೆ ಚಮಚ ಚಮಚವಾಗಿ ಪಾಕ ಬಿಟ್ಟು ಕೈಯಾಡಿಸುತ್ತ ಹೋದಂತೆ ಕಾಳಿನ ಮೇಲೆ ಬಿಳಿ ಮುಳ್ಳುಗಳು ಏಳುತ್ತವೆ. ಕರ್ನಾಟಕದ ಕುಸುರೆಳ್ಳೂ ಇದೇ ಕೈಚಳಕದ ಫಲ.

ಹಾರ ಗಟ್ಟಿ, ಫಾಂಡಂಟ್ ಮೆದು. ಅದಕ್ಕೆ ಜೆಲಟಿನ್, ಗ್ಲೂಕೋಸ್, ಗ್ಲಿಸರಿನ್ ಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಲಟ್ಟಿಸಿ ಹೊದಿಸುವ ಕ್ರಮ ಹೊರಗಿನಿಂದಲೇ ಬಂತು. ಆದರೂ ಗ್ಲೂಕೋಸ್ ಮಾಡುವ ಕೆಲಸವನ್ನು ಪಾಕಕ್ಕೆ ಹಿಂಡಿದ ನಿಂಬೆಹುಳಿ ಮೊದಲೇ ಮಾಡುತ್ತಿತ್ತು: ಹುಳಿ ಸಕ್ಕರೆಯನ್ನು ಸ್ವಲ್ಪ ಒಡೆದು, ಒರಟು ಹರಳು ಕಟ್ಟದಂತೆ ತಡೆಯುತ್ತದೆ. ಪ್ರಾಣಿಜನ್ಯ ಜೆಲಟಿನ್ ಒಲ್ಲದ ಮನೆಗಳಿಗೆ ಕಡಲಪಾಚಿಯಿಂದ ತೆಗೆದ ಅಗರ್ ಇದೆ. ಆದ್ದರಿಂದ ಫಾಂಡಂಟನ್ನು ಪರಂಪರೆಯ ಎದುರಾಳಿಯೆಂದು ಕಾಣಬೇಕಿಲ್ಲ. ಪಾಕದ ಹದ ಬಲ್ಲ ಕೈಗಳಿಗೆ ಅದು ಮುಂದಿನ ಪಾಠ. ಆ ಹದವನ್ನು ಹಬ್ಬದ ಅಡುಗೆಮನೆಯಲ್ಲೇ ಮಕ್ಕಳಿಗೆ ಕಲಿಸಿದರೆ ಎರಡೂ ಉಳಿಯುತ್ತವೆ.