ಹಳದಿ ದೀಪದ ಇತಿಹಾಸ: ಒಂದು ಸೆನ್ಸರ್‌ಗೆ ಇಷ್ಟು ದುಡ್ಡು ಯಾಕೆ?

ಭಾಗ 1/8: ಎಸ್ಟಿಮೇಟ್ ಅನ್ನೋ ಶಾಕ್

ಫ್ರೆಂಡ್ಸ್, ಈ ವಾರದ ಇತಿಹಾಸ ಸರಣಿಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಕಾರಿನ ಡ್ಯಾಶ್‌ಬೋರ್ಡಲ್ಲಿ ಹತ್ತಿಕೊಳ್ಳೋ ಒಂದು ಪುಟ್ಟ ಹಳದಿ ದೀಪ ಇದೆ. ಎಂಜಿನ್ ಚಿತ್ರ ಇರುತ್ತಲ್ಲ, ಅದೇ, ಚೆಕ್ ಎಂಜಿನ್ ಲೈಟ್.

ಅದು ಹತ್ತಿದ ದಿನ ಮಧ್ಯಮ ವರ್ಗದ ಮನೆಯ ತಿಂಗಳ ಲೆಕ್ಕ ತಪ್ಪುತ್ತೆ. ಕಾರು ಚೆನ್ನಾಗೇ ಓಡ್ತಿರುತ್ತೆ, ಆದರೂ ಸರ್ವಿಸ್ ಸೆಂಟರ್‌ಗೆ ಹೋದರೆ “ಸೆನ್ಸರ್ ಹೋಗಿದೆ ಸರ್, ಚೇಂಜ್ ಮಾಡಬೇಕು” ಅಂತ ಐದಂಕಿಯ ಎಸ್ಟಿಮೇಟ್ ಕೈಗೆ ಬರುತ್ತೆ. ಬೆರಳುದ್ದದ ವಸ್ತುವಿಗೆ ಅಷ್ಟು ಬೆಲೆ ಯಾಕೆ ಅಂತ ಕೇಳೋ ಧೈರ್ಯ ಯಾರಿಗೂ ಬರಲ್ಲ. ಆ ದೀಪದ ಭಾಷೆ ನಮಗೆ ಗೊತ್ತಿಲ್ಲ ಅನ್ನೋದೇ ಕಾರಣ.

ತಮಾಷೆ ಅಂದ್ರೆ, ಆ ಭಾಷೆ ಎಲ್ಲ ಮೆಕ್ಯಾನಿಕ್‌ಗಳಿಗೂ ಸಿಗಲಿ ಅಂತ 1990ರಲ್ಲೇ ಒಂದು ದೇಶ ಕಾನೂನು ಬರೆದಿತ್ತು. ಆಮೇಲೆ ಏನಾಯ್ತು? ಬನ್ನಿ, ಶುರುವಿನಿಂದ ನೋಡೋಣ.

ಭಾಗ 2/8: ಲಾಸ್ ಏಂಜಲೀಸಿನ ಹೊಗೆ

1943ರ ಜುಲೈ. ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸೋ ದಟ್ಟ ಹೊಗೆ ಕವಿದುಕೊಳ್ತು. ಜಪಾನ್ ವಿಷಾನಿಲ ಬಿಟ್ಟಿದೆಯೇನೋ ಅಂತ ಹೆದರಿದವರೂ ಇದ್ದರು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕ ತಯಾರಿಸುತ್ತಿದ್ದ ಒಂದು ಕಾರ್ಖಾನೆ ಮೇಲೆ ಅನುಮಾನ ಬಂತು. ಅದನ್ನ ಸ್ವಲ್ಪ ದಿನ ಮುಚ್ಚಿಸಿದರು. ಹೊಗೆ ಮಾತ್ರ ನಿಲ್ಲಲಿಲ್ಲ.

ಉತ್ತರ ಹುಡುಕಿದ್ದು ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್. ಅವರು ಅದಕ್ಕೂ ಮೊದಲು ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡಿದ್ದವರು! ಕಾರುಗಳಿಂದ, ತೈಲ ಘಟಕಗಳಿಂದ ಹೊರಬರೋ ಅನಿಲಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗಿ, ಕಣ್ಣುರಿಸೋ ಮಬ್ಬು ಹುಟ್ಟುತ್ತೆ ಅಂತ ಅವರು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು.

1967ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ವಾಯು ಸಂಪನ್ಮೂಲ ಮಂಡಳಿ ಕಟ್ಟಿತು. ಅದರ ಮೊದಲ ಅಧ್ಯಕ್ಷರು ಇದೇ ಹಾಗನ್-ಸ್ಮಿಟ್. 1970ರಲ್ಲಿ ಇಡೀ ಅಮೆರಿಕಕ್ಕೆ ಬಿಗಿಯಾದ ಶುದ್ಧ ಗಾಳಿ ಕಾಯ್ದೆ ಬಂತು. 1975ರ ಮಾಡೆಲ್‌ಗಳಿಂದ ಅಲ್ಲಿನ ಹೆಚ್ಚಿನ ಕಾರುಗಳ ಸೈಲೆನ್ಸರ್ ಪೈಪಿಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿಕೊಂಡಿತು.

ಭಾಗ 3/8: ಮೂಗು ಬಂತು, ಮಿದುಳೂ ಬಂತು

ಮೂರು ಬಗೆಯ ವಿಷಾನಿಲಗಳನ್ನ ಒಟ್ಟಿಗೆ ಶುದ್ಧ ಮಾಡೋ ಕನ್ವರ್ಟರಿಗೆ ಒಂದು ಹಟ ಇದೆ. ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ, ಸರಿಯಾಗಿ ಬೆರೆತಿರಬೇಕು. ಸ್ವಲ್ಪ ಆಚೆ ಈಚೆ ಆದರೂ ಅದರ ಕೆಲಸ ಕೆಡುತ್ತೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಎಂಜಿನ್ ಸದ್ದು ಕೇಳಿ ಕಾರ್ಬ್ಯುರೇಟರ್ ಸೆಟ್ ಮಾಡ್ತಿದ್ದರು. ಆದರೆ ಪ್ರತಿ ಕ್ಷಣವೂ 14.7 ಕಾಯೋದು ಕಿವಿಯಿಂದ ಆಗೋ ಕೆಲಸವಲ್ಲ. ಅದಕ್ಕೆ ಹೊಗೆಯ ದಾರಿಯಲ್ಲೇ ಕೂತು ವಾಸನೆ ನೋಡೋ ಒಂದು ಮೂಗು ಬೇಕಿತ್ತು. ಅದೇ ಆಕ್ಸಿಜನ್ ಸೆನ್ಸರ್. 1976ರಲ್ಲಿ ಜರ್ಮನಿಯ ಬಾಷ್ ಕಂಪನಿ ಇದನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರು ಮಾಡಿತು. ಮೊದಲು ಹಾಕಿಕೊಂಡಿದ್ದು ಅಮೆರಿಕದ ಮಾರುಕಟ್ಟೆಗೆ ಹೋಗುತ್ತಿದ್ದ ವೋಲ್ವೋ ಕಾರುಗಳು.

ಕನ್ನಡದವರಿಗೆ ಈ ಕಂಪನಿ ಹೊಸದೇನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಗೊತ್ತಲ್ಲ? 1951ರಲ್ಲಿ ಶುರುವಾದ ಆ ಮೈಕೋನೇ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿದ್ದು.

ಈ ಸೆನ್ಸರ್ ಒಳಗಿರೋದು ಜಿರ್ಕೋನಿಯಾ ಅನ್ನೋ ಪಿಂಗಾಣಿಯಂಥ ವಸ್ತು. ಸುಮಾರು 300 ಡಿಗ್ರಿ ಬಿಸಿ ಆದಮೇಲೆ ಅದು ಒಂದು ವೋಲ್ಟಿಗಿಂತ ಕಡಿಮೆ ವಿದ್ಯುತ್ ಸಂಕೇತ ಕೊಡುತ್ತೆ. ಬೇಗ ಬಿಸಿಯಾಗಲಿ ಅಂತ ಆಮೇಲೆ ಅದರೊಳಗೇ ಒಂದು ಪುಟ್ಟ ಹೀಟರ್ ಇಟ್ಟರು. ಈ ಹೀಟರ್ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ. ಸಂಕೇತ ಓದಿ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಹೇಳೋಕೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದಮೇಲೆ ಗಾಳಿ ಅಳೆಯೋದಕ್ಕೊಂದು, ಬಿಸಿ ಅಳೆಯೋದಕ್ಕೊಂದು ಅಂತ ಸೆನ್ಸರ್‌ಗಳ ಸಂಸಾರ ಬೆಳೀತಾ ಹೋಯ್ತು.

ಭಾಗ 4/8: ದೀಪಕ್ಕೆ ಒಂದೇ ಭಾಷೆ

ಸೆನ್ಸರ್ ಕೆಟ್ಟರೂ ಕಾರು ಓಡುತ್ತೆ. ಆದರೆ ಹೊಗೆ ಜಾಸ್ತಿ ಆಗುತ್ತೆ, ಓಡಿಸೋರಿಗೆ ಗೊತ್ತೇ ಆಗಲ್ಲ. ಅದಕ್ಕೆ ಕ್ಯಾಲಿಫೋರ್ನಿಯಾ ಹೇಳಿತು: ತಪ್ಪನ್ನ ಕಾರೇ ಕಂಡುಹಿಡಿದು ದೀಪ ಹಚ್ಚಬೇಕು. 1988ರ ಮಾಡೆಲ್‌ಗಳಿಂದ ಆ ನಿಯಮ ಜಾರಿಗೆ ಬಂತು. ಇದೇ ಒಬಿಡಿ ವ್ಯವಸ್ಥೆಯ ಮೊದಲ ಹಂತ.

ಆದರೆ ಒಂದೊಂದು ಕಂಪನಿಯ ಪ್ಲಗ್ ಒಂದೊಂದು ಥರ, ಕೋಡ್ ಒಂದೊಂದು ಥರ. 1990ರಲ್ಲಿ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿ ತಂದರು. ರಿಪೇರಿ ಮಾಡೋ ಎಲ್ಲರಿಗೂ ಈ ಮಾಹಿತಿ ಸಿಗಬೇಕು ಅಂತ ಅದರಲ್ಲೇ ಬರೆದರು. 1996ರ ಮಾಡೆಲ್‌ಗಳಿಂದ ಅಮೆರಿಕದಲ್ಲಿ ಮಾರೋ ಪ್ರತಿ ಕಾರಿಗೂ ಒಂದೇ ಆಕಾರದ 16 ಪಿನ್ ಪೋರ್ಟ್ ಕಡ್ಡಾಯ ಆಯ್ತು. ಅದೇ ಒಬಿಡಿ-2. ನಮ್ಮ ಕಾರುಗಳಲ್ಲೂ ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದರೆ ಸಿಗೋದು ಇದೇ ಪೋರ್ಟ್.

ಕೋಡ್ ಓದೋದು ಕಷ್ಟ ಏನಿಲ್ಲ. ಪಿ0135 ತಗೊಳ್ಳಿ. ಪಿ ಅಂದ್ರೆ ಎಂಜಿನ್-ಗೇರ್ ಭಾಗದ ತೊಂದರೆ. ಅದರ ಪಕ್ಕದ ಸೊನ್ನೆ ಅಂದ್ರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್. ಒಟ್ಟು ಅರ್ಥ: ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಲ್ಲಿ ದೋಷ. ಸರ್ಕ್ಯೂಟ್ ಅನ್ನೋ ಪದ ಗಮನಿಸಿ. ಫ್ಯೂಸ್, ವೈರ್, ಕನೆಕ್ಟರ್, ಸೆನ್ಸರ್ ನಾಲ್ಕೂ ಅದರೊಳಗೇ ಬರುತ್ತೆ. ಕೋಡ್ ಬೀದಿ ತೋರಿಸುತ್ತೆ, ಮನೆ ನಾವೇ ಹುಡುಕಬೇಕು.

ಭಾಗ 5/8: ನಮ್ಮ ಚಿಕ್ಕಪ್ಪನ ಟ್ಯಾಕ್ಸಿ

ನಮ್ಮ ಚಿಕ್ಕಪ್ಪ ಹಾಸನದಲ್ಲಿ ಟ್ಯಾಕ್ಸಿ ಓಡಿಸ್ತಾರೆ. ಹೋದ ವರ್ಷ ಇದೇ ದೀಪ ಹತ್ತಿತು. ಒಂದು ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟ್ ₹14,200. ಸೆನ್ಸರ್, ಲೇಬರ್, ಸ್ಕ್ಯಾನಿಂಗ್, ತೆರಿಗೆ ಎಲ್ಲ ಸೇರಿ. ಅದು ಅವರ ಆ ತಿಂಗಳ ಕಾರಿನ ಇಎಂಐಗಿಂತ ಜಾಸ್ತಿ. ಪಾರ್ಟ್ ಬರೋಕೆ ನಾಲ್ಕು ದಿನ ಬೇಕು ಅಂದರು. ನಾಲ್ಕು ದಿನ ಗಾಡಿ ನಿಂತರೆ ಆ ಬಾಡಿಗೆಯೂ ಹೋಯ್ತು.

ಊರಿನ ಗ್ಯಾರೇಜಿನ ಹುಡುಗ ಸ್ಕ್ಯಾನರ್ ಹಾಕಿದ. ಪಿ0135. ಫ್ಯೂಸ್ ನೋಡಿದ, ಸರಿ ಇತ್ತು. ಮೀಟರ್ ಹಿಡಿದು ಹೀಟರ್ ಚೆಕ್ ಮಾಡಿದ, ಅದೂ ಸರಿ. ಆಮೇಲೆ ವೈರ್ ಹಿಡ್ಕೊಂಡು ಹೋದ. “ಅಣ್ಣ, ಸೆನ್ಸರ್ ಸತ್ತಿಲ್ಲ. ಇಲಿ ವೈರ್ ಕಡಿದಿದೆ ನೋಡಿ” ಅಂದ. ವೈರ್ ಜೋಡಿಸಿ ₹600 ತಗೊಂಡ.

ಹಾಗಂತ ಪ್ರತಿ ಸಲವೂ ಇಲಿನೇ ಅಂದ್ಕೋಬೇಡಿ. ಸೆನ್ಸರ್ ನಿಜವಾಗಿ ಸವೆದು ಹೋಗುತ್ತೆ, ಹೋದಾಗ ಹಾಕಲೇಬೇಕು. ನನಗೆ ಕಾಡಿದ ಪ್ರಶ್ನೆ ಬೇರೆ. ಆ ಹುಡುಗನ ಕೈಯಲ್ಲಿ ಸ್ಕ್ಯಾನರ್ ಇಲ್ಲದೇ ಹೋಗಿದ್ದರೆ? ಕಂಪನಿ ಬಿಟ್ಟು ಬೇರೆಯವರಿಗೆ ಸ್ಕ್ಯಾನರ್ ಮಾರಂಗಿಲ್ಲ, ಪಾರ್ಟ್ ಮಾರಂಗಿಲ್ಲ ಅಂತಿದ್ದರೆ? ಭಾರತದಲ್ಲಿ ನಡೆದ ದೊಡ್ಡ ಕೇಸ್ ಇದೇ ಪ್ರಶ್ನೆ ಮೇಲೆ.

ಭಾಗ 6/8: ₹2,544.65 ಕೋಟಿಯ ಆದೇಶ

ನಮ್ಮಲ್ಲಿ ಭಾರತ್ ಸ್ಟೇಜ್ 4 ನಿಯಮ 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಂತು. ಅದರ ಜೊತೆಗೇ ಒಬಿಡಿಯ ಮೊದಲ ಹಂತ, 2013ರಿಂದ ಎರಡನೇ ಹಂತ. ಅಂದ್ರೆ ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಹೊಸ ಕಾರಿನ ಬಾನೆಟ್ ತೆರೆದೂ ಉಪಯೋಗ ಇಲ್ಲದ ಕಾಲ ಬಂತು.

2011ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ, ಅಂದ್ರೆ ಸಿಸಿಐಗೆ, ಒಬ್ಬ ವ್ಯಕ್ತಿ ದೂರು ಕೊಟ್ಟರು. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿವೆ ಅಂತ. ದೂರು ಮೂರು ಕಂಪನಿಗಳ ಮೇಲಿತ್ತು, ತನಿಖೆ ಉಳಿದವಕ್ಕೂ ಹಬ್ಬಿತು.

ಬಿಕಾಂ ಗೆಳೆಯರೇ, ಇಲ್ಲಿ ನಮ್ಮ ಸಿಲೆಬಸ್ ಜೀವಂತ ಆಗುತ್ತೆ. ಕಂಪನಿಗಳ ವಾದ: ಮಾರುಕಟ್ಟೆಯಲ್ಲಿ ಇಷ್ಟೊಂದು ಕಾರು ಕಂಪನಿ ಇವೆ, ಯಾರದ್ದೂ ಏಕಸ್ವಾಮ್ಯ ಅಲ್ಲ. ಆಯೋಗದ ಉತ್ತರ: ಕಾರು ಕೊಳ್ಳೋ ಮಾರುಕಟ್ಟೆ ಬೇರೆ, ಕೊಂಡಮೇಲಿನ ರಿಪೇರಿ ಮಾರುಕಟ್ಟೆ ಬೇರೆ. ಕೊಳ್ಳೋವಾಗ ಹತ್ತು ಆಯ್ಕೆ ಇರಬಹುದು. ಕೊಂಡಮೇಲೆ ಆ ಕಾರಿನ ಪಾರ್ಟ್ ಇನ್ನೊಂದು ಕಾರಿಗೆ ಕೂರಲ್ಲ. ಪಾರ್ಟ್ ದುಬಾರಿ ಅಂತ ಯಾರೂ ಕಾರನ್ನೇ ಬದಲಿಸಲ್ಲ. ಹಾಗಾಗಿ ತನ್ನ ಬ್ರ್ಯಾಂಡಿನ ಬಿಡಿಭಾಗದ ಮಟ್ಟಿಗೆ ಪ್ರತಿ ಕಂಪನಿಯೂ ಪ್ರಬಲವೇ.

2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಬಿತ್ತು. ಬಿಡಿಭಾಗ, ತಪಾಸಣೆ ಉಪಕರಣ ಹೊರಗಿನವರಿಗೂ ಸಿಗಬೇಕು, ಪಾರ್ಟ್ ತಯಾರಿಸೋ ಕಂಪನಿಗಳು ನೇರವಾಗಿ ಮಾರುಕಟ್ಟೆಗೆ ಮಾರಬಹುದು, ಹೊರಗಡೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಇಡಿಯಾಗಿ ರದ್ದು ಅನ್ನಬಾರದು ಅಂತ ಆದೇಶ ಹೇಳಿತು.

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಕೆಲವು ಹೈಕೋರ್ಟಿಗೆ ಹೋದವು, ಕೆಲವು ಮೇಲ್ಮನವಿ ಮಂಡಳಿಗೆ. 2016ರ ಡಿಸೆಂಬರ್‌ನಲ್ಲಿ ಮಂಡಳಿ ತನ್ನ ಮುಂದಿದ್ದ ಮೂರು ಕಂಪನಿಗಳ ವಿಷಯದಲ್ಲಿ ತಪ್ಪು ತಪ್ಪೇ ಅಂದಿತು. ಆದರೆ ಪೂರ್ತಿ ವಹಿವಾಟಿನ ಮೇಲಿದ್ದ ದಂಡವನ್ನ ಬಿಡಿಭಾಗಗಳ ವಹಿವಾಟಿಗೆ ಇಳಿಸಿತು.

ಭಾಗ 7/8: ಅಲ್ಲಿ ವೋಟು, ಇಲ್ಲಿ ಪೋರ್ಟಲ್

ಇದೇ ಹೊತ್ತಿಗೆ ಅಮೆರಿಕದಲ್ಲೂ ಜಗಳ ನಡೀತಿತ್ತು. 1996ರ ನಿಯಮ ಹೊಗೆಗೆ ಸಂಬಂಧಪಟ್ಟ ಕೋಡ್‌ಗಳನ್ನ ತೆರೆದಿತ್ತು, ಉಳಿದ ಎಷ್ಟೋ ಮಾಹಿತಿ ಕಂಪನಿಗಳ ಬೀರುವಿನಲ್ಲೇ ಇತ್ತು. 2012ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನ ಜನರ ಮತಕ್ಕೇ ಹಾಕಿತು. ಸುಮಾರು 86% ಜನ ರಿಪೇರಿ ಹಕ್ಕಿನ ಪರ ವೋಟು ಹಾಕಿದರು! 2014ರ ಜನವರಿಯಲ್ಲಿ ಕಾರು ಕಂಪನಿಗಳ ಸಂಘಗಳು ಅದೇ ಮಾದರಿಯನ್ನ ದೇಶಕ್ಕೆಲ್ಲ ಒಪ್ಪಿಕೊಂಡವು. ಆಮೇಲೆ ಕಾರುಗಳು ಮಾಹಿತಿಯನ್ನ ಪೋರ್ಟ್ ಬಿಟ್ಟು ಇಂಟರ್‌ನೆಟ್ ಮೂಲಕ ನೇರ ಕಂಪನಿಗೇ ಕಳಿಸೋಕೆ ಶುರು ಮಾಡಿದವು. 2020ರಲ್ಲಿ ಅದೇ ರಾಜ್ಯದ ಜನ ಮತ್ತೆ ವೋಟು ಹಾಕಬೇಕಾಯ್ತು, ಮತ್ತೆ ಗೆದ್ದರು.

ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ರೈಟ್ ಟು ರಿಪೇರಿ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಮನೆ ಉಪಕರಣಗಳ ಜೊತೆ ವಾಹನಗಳೂ ಅದರಲ್ಲಿವೆ.

ಭಾಗ 8/8: ಈ ಇತಿಹಾಸ ಕೌಂಟರಲ್ಲಿ ಹೇಗೆ ಉಪಯೋಗಕ್ಕೆ ಬರುತ್ತೆ?

ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಇಂಥ ಎಸ್ಟಿಮೇಟ್ ಬಂದರೆ, ಜಗಳ ಬೇಡ, ಈ ಪ್ರಶ್ನೆ ಕೇಳಿ.

ಕೋಡ್ ನಂಬರ್ ಏನು? ಎಸ್ಟಿಮೇಟಲ್ಲಿ ಬರೆದುಕೊಡಿ.
ಫ್ಯೂಸ್, ವೈರ್, ಕನೆಕ್ಟರ್ ಚೆಕ್ ಮಾಡಿದ್ರಾ? ಸೆನ್ಸರೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?
ಪಾರ್ಟ್ ನಂಬರ್ ಎಷ್ಟು? ಪಾರ್ಟ್, ಲೇಬರ್, ತೆರಿಗೆ ಬೇರೆ ಬೇರೆ ತೋರಿಸಿ.
ಹಳೇ ಪಾರ್ಟ್ ವಾಪಸ್ ಕೊಡ್ತೀರಾ?

ಪಾರ್ಟ್ ನಂಬರ್ ಕೈಯಲ್ಲಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯಲ್ಲೋ, ನಿಮ್ಮೂರಿನ ಸ್ಪೇರ್ಸ್ ಅಂಗಡಿಯಲ್ಲೋ ಬೆಲೆ ಹೋಲಿಸಬಹುದು. ಎಷ್ಟೋ ಸಲ ಕಾರು ಕಂಪನಿಗೆ ಸೆನ್ಸರ್ ಮಾಡಿಕೊಡೋ ಕಂಪನಿಯ ಮಾಲೇ ಅದರ ಸ್ವಂತ ಡಬ್ಬಿಯಲ್ಲಿ ಸಿಗುತ್ತೆ. ನಕಲಿ ಮಾಲೂ ಇದೆ, ಬಿಲ್ ಇಲ್ಲದೆ ತಗೋಬೇಡಿ. ವಾರಂಟಿ ಇನ್ನೂ ಇದ್ದರೆ ಮೊದಲು ಅದನ್ನೇ ಕೇಳಿ, ಪುಕ್ಕಟೆ ಆಗೋ ಕೆಲಸಕ್ಕೆ ದುಡ್ಡು ಯಾಕೆ?

ಒಂದು ಎಚ್ಚರಿಕೆ: ದೀಪ ಮಿಣುಕ್ತಾ ಇದ್ದರೆ ಎಂಜಿನ್ ಮಿಸ್‌ಫೈರ್ ಆಗ್ತಿದೆ ಅಂತ. ಉರಿಯದ ಪೆಟ್ರೋಲ್ ಕನ್ವರ್ಟರನ್ನೇ ಸುಟ್ಟುಬಿಡಬಹುದು. ಪಕ್ಕಕ್ಕೆ ನಿಲ್ಲಿಸಿ. ಕೋಡ್ ಅಳಿಸಿ ಬಿಟ್ಟರೆ ಆಯ್ತು ಅನ್ನೋರ ಮಾತು ಕೇಳಬೇಡಿ, ದೋಷ ಇದ್ದರೆ ದೀಪ ಮತ್ತೆ ಬರುತ್ತೆ. ಅಲ್ಲಿವರೆಗೆ ಆ ಹೊಗೆ ಕುಡಿಯೋರು ನಾವೇ. ಅನ್ಯಾಯ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಗಾಳಿ ಶುದ್ಧ ಇರಲಿ ಅಂತ ಕಾನೂನು ಹಚ್ಚಿಸಿದ ದೀಪ ಅದು. ಅದರ ಅರ್ಥ ಕೇಳೋದು ಯಾರಿಗೂ ಅವಮಾನ ಅಲ್ಲ, ಕಾರಿನ ಪೂರ್ತಿ ದುಡ್ಡು ಕೊಟ್ಟೋರು ನೀವು. ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸೋ ಮನೆಯವರಿಗೆ ಇದನ್ನ ಕಳಿಸಿ. ನಿಮ್ಮ ಕಾರಿಗೆ ಯಾವ ಕೋಡ್ ಬಂದಿತ್ತು, ಕೊನೆಗೆ ಏನಾಗಿತ್ತು ಅಂತ ಕಾಮೆಂಟಲ್ಲಿ ಬರೀರಿ, ಬೇರೆಯವರಿಗೂ ಉಪಯೋಗ ಆಗುತ್ತೆ.

#ಕನ್ನಡದಲ್ಲಿ_ಇತಿಹಾಸ #ರಿಪೇರಿ_ಹಕ್ಕು #ಚೆಕ್_ಎಂಜಿನ್ #ಬಿಕಾಂ_ಬಳಗ