ಅಚ್ಚಿನ ಗೋಡೆ, ಆಳಿನ ಲೆಕ್ಕ

ಗೋಡೆ, ತೊಲೆ, ಚಾವಣಿಯ ಹಲಗೆಗಳನ್ನು ಬೇರೆಡೆ ಅಚ್ಚಿನಲ್ಲಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಕಟ್ಟಡದ ಜಾಗಕ್ಕೆ ತಂದು ಜೋಡಿಸುವ ವಿಧಾನವೇ ಪ್ರೀಕಾಸ್ಟ್. ಇದರ ಇತಿಹಾಸವನ್ನು ಸಾಮಾನ್ಯವಾಗಿ ಎಂಜಿನಿಯರುಗಳ ಜಾಣ್ಮೆಯ ಕಥೆಯಾಗಿ ಬರೆಯುವುದುಂಟು. ಯಾವ ದೇಶದಲ್ಲಿ ಅದು ಯಾವಾಗ ಬೇರೂರಿತು ಎಂಬುದನ್ನು ಮಾತ್ರ ಜಾಣ್ಮೆಗಿಂತ ಹೆಚ್ಚಾಗಿ ಕೂಲಿಯ ದರ ತೀರ್ಮಾನಿಸಿತು.

ಲಿವರ್‌ಪೂಲ್ ನಗರದ ಎಂಜಿನಿಯರ್ ಜಾನ್ ಅಲೆಕ್ಸಾಂಡರ್ ಬ್ರೋಡಿ 1905ರಲ್ಲಿ ಎಲ್ಡನ್ ಬೀದಿಯಲ್ಲಿ ಕಟ್ಟಿಸಿದ ಕಾರ್ಮಿಕರ ವಸತಿ ಈ ಬಗೆಯ ಮೊದಮೊದಲ ಕಟ್ಟಡಗಳಲ್ಲೊಂದು. ಬಾಗಿಲು, ಕಿಟಕಿಗಳಿಗೆ ಜಾಗ ಬಿಟ್ಟು ಇಡೀ ಗೋಡೆಯನ್ನೇ ಎರಕ ಹೊಯ್ದು ಅಲ್ಲಿಗೆ ಸಾಗಿಸಿದರು. ಆದರೆ ಬ್ರಿಟನ್ನಿನಲ್ಲಿ ಆಗ ಇಟ್ಟಿಗೆ ಕಟ್ಟುವವರಿಗೆ ಬರವಿರಲಿಲ್ಲ. ಪ್ರಯೋಗ ಹೆಚ್ಚು ಹಬ್ಬಲಿಲ್ಲ.

ಎರಡನೆಯ ಮಹಾಯುದ್ಧ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಊರುಗಳು ನೆಲಸಮವಾಗಿದ್ದವು, ದುಡಿಯುವ ವಯಸ್ಸಿನ ಗಂಡಸರು ರಣರಂಗದಲ್ಲಿ ಸತ್ತಿದ್ದರು. ಫ್ರಾನ್ಸಿನ ರೇಮಂಡ್ ಕಾಮು 1948ರಲ್ಲಿ ದೊಡ್ಡ ಹಲಗೆಗಳಿಂದ ಮನೆ ಕಟ್ಟುವ ಪದ್ಧತಿಗೆ ಪೇಟೆಂಟ್ ಪಡೆದ. 1954ರ ಡಿಸೆಂಬರಿನಲ್ಲಿ ಸೋವಿಯತ್ ಕಟ್ಟಡ ತಜ್ಞರ ಸಮ್ಮೇಳನದಲ್ಲಿ ಆ ದೇಶದ ನಾಯಕ ಕ್ರುಶ್ಚೋವ್ ಗಂಟೆಗಟ್ಟಲೆ ಪ್ರೀಕಾಸ್ಟ್ ಪರವಾಗಿ ವಾದಿಸಿದ. ಬಳಿಕ ಐದು ಮಹಡಿಯ ಒಂದೇ ಅಚ್ಚಿನ ವಸತಿಗಳು ದೇಶದ ಉದ್ದಗಲಕ್ಕೆ ಎದ್ದವು. ಗಾರೆಯವರ ಜಾಗಕ್ಕೆ ಕ್ರೇನ್ ಚಾಲಕ, ವೆಲ್ಡರ್, ಜೋಡಣೆಗಾರ ಬಂದರು.

ಕಡಿಮೆ ಆಳು ಸಾಕು ಎಂಬುದನ್ನು ಕಡಿಮೆ ಕೌಶಲ ಸಾಕು ಎಂದು ತಿಳಿದವರಿಗೆ ಲಂಡನ್ನಿನಲ್ಲಿ ಉತ್ತರ ಸಿಕ್ಕಿತು. 1968ರ ಮೇ 16ರ ಬೆಳಿಗ್ಗೆ ರೋನನ್ ಪಾಯಿಂಟ್ ಎಂಬ 22 ಮಹಡಿಯ ಪ್ರೀಕಾಸ್ಟ್ ಕಟ್ಟಡದ 18ನೆಯ ಮಹಡಿಯಲ್ಲಿ ಅಡುಗೆ ಅನಿಲ ಸ್ಫೋಟಿಸಿ, ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು. ನಾಲ್ವರು ಸತ್ತರು. ಕಟ್ಟಡ ತೆರೆದು ಎರಡೇ ತಿಂಗಳಾಗಿತ್ತು. 1986ರಲ್ಲಿ ಅದನ್ನು ಒಂದೊಂದೇ ಹಲಗೆಯಾಗಿ ಬಿಚ್ಚಿದಾಗ, ಗಾರೆ ತುಂಬಿರಬೇಕಾದ ಸಂದುಗಳಲ್ಲಿ ಹಳೆಯ ಪತ್ರಿಕೆ, ಕಸಕಡ್ಡಿ ಕಂಡವು. ಪ್ರೀಕಾಸ್ಟ್ ಕಟ್ಟಡದ ಪ್ರಾಣ ಇರುವುದು ಸಂದಿನಲ್ಲಿ. ಅಲ್ಲಿ ನಿಂತು ಕೆಲಸ ಮಾಡುವವರು ನಾಲ್ಕೈದು ಮಂದಿಯೇ ಆದರೂ, ಅವರ ಕೈ ತಪ್ಪಿದರೆ ಕಾರ್ಖಾನೆಯ ಶಿಸ್ತೆಲ್ಲ ವ್ಯರ್ಥ.

ಭಾರತಕ್ಕೆ ಈ ವಿದ್ಯೆ ದೇಶ ವಿಭಜನೆಯ ನಿರಾಶ್ರಿತರ ನೆಪದಲ್ಲಿ ಬಂತು. ಅದರಲ್ಲಿ ಮೈಸೂರಿನ ನಂಟೂ ಇತ್ತು. ನಾಜಿಗಳಿಂದ ತಪ್ಪಿಸಿಕೊಂಡ ಬರ್ಲಿನ್ನಿನ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ್ದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವನ ಕೈಯವು. 1948ರಲ್ಲಿ ಕೇಂದ್ರ ಸರ್ಕಾರ ಅವನನ್ನು ವಸತಿ ನಿರ್ದೇಶಕನನ್ನಾಗಿ ದೆಹಲಿಗೆ ಕರೆಸಿಕೊಂಡಿತು. ಹಗುರ ಕಾಂಕ್ರೀಟಿನ ಹಲಗೆಗಳಿಂದ ಮನೆ ತಯಾರಿಸುವ ಸರ್ಕಾರಿ ಕಾರ್ಖಾನೆ ಶುರುವಾಯಿತು. ಹಲಗೆಗಳು ಬಿರುಕು ಬಿಟ್ಟವು, ವಿಷಯ ಸಂಸತ್ತಿನಲ್ಲಿ ಗದ್ದಲವೆಬ್ಬಿಸಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ದೇಶ ಬಿಟ್ಟ. ಕಾರ್ಖಾನೆ 1953ರಲ್ಲಿ ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು, 1978ರಲ್ಲಿ ಹಿಂದುಸ್ತಾನ್ ಪ್ರಿಫ್ಯಾಬ್ ಎಂದು ಹೆಸರು ಬದಲಿಸಿಕೊಂಡಿತು. ಮನೆಗಳ ಜೊತೆಗೆ ವಿದ್ಯುತ್ ಕಂಬವನ್ನೂ ರೈಲ್ವೆ ಸ್ಲೀಪರನ್ನೂ ಮಾಡುತ್ತ ಅದು ಬದುಕಿತು. ಹಲಗೆ ಗಟ್ಟಿಯಾಗಿದ್ದಿದ್ದರೂ ಮನೆಗಳ ಯೋಜನೆ ಗೆಲ್ಲುವುದು ಕಷ್ಟವಿತ್ತು. ದಿನಗೂಲಿಗೆ ಎಷ್ಟು ಬೇಕಾದರೂ ಕೈಗಳು ಸಿಗುವ ದೇಶದಲ್ಲಿ ಕ್ರೇನಿಗೆ ಬಂಡವಾಳ ಹೂಡುವುದು ಯಾವ ಕಂಟ್ರಾಕ್ಟರನಿಗೂ ಲಾಭದ ಮಾತಾಗಿರಲಿಲ್ಲ.

ಹೀಗಾಗಿ ಕರ್ನಾಟಕದಲ್ಲಿ ಪ್ರೀಕಾಸ್ಟ್ ಬಹುಕಾಲ ರಸ್ತೆ ಬದಿಯ ಸರಕಾಗಿಯೇ ಉಳಿಯಿತು: ಬಾವಿಯ ಸಿಮೆಂಟ್ ರಿಂಗು, ಬೇಲಿಕಂಬ, ರೆಡಿಮೇಡ್ ಕಾಂಪೌಂಡ್. ಚಾವಣಿಗೆ ಮಾತ್ರ ಸ್ಥಳದಲ್ಲೇ ಮೋಲ್ಡ್ ಹಾಕುವುದೇ ವಾಡಿಕೆ. ಸೆಂಟ್ರಿಂಗ್‌ನವರು ಹಲಗೆ ಹೊಡೆದು ಮುಗಿಸಿದ ಮೇಲೆ ಕಂಬಿ ಕಟ್ಟುವವರು ಬರುತ್ತಾರೆ. ಮೋಲ್ಡ್ ದಿನ ಬೆಳಗಾಗುತ್ತಲೇ ಮಿಕ್ಸರಿನ ಬಾಯಿಗೆ ಜಲ್ಲಿ, ಮರಳು, ಸಿಮೆಂಟು ಸುರಿಯುವವರು ಒಂದು ಕಡೆ, ಅಲ್ಲಿಂದ ಏಣಿಯ ಮೇಲೆ ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವ ಗಂಡಾಳು, ಹೆಣ್ಣಾಳುಗಳು ಇನ್ನೊಂದು ಕಡೆ. ಮೇಲೆ ಮೇಸ್ತ್ರಿ ಮಟ್ಟ ನೋಡುತ್ತಿರುತ್ತಾನೆ. ಆಮೇಲೂ ವಾರಗಟ್ಟಲೆ ನೀರು ಹೊಡೆಯಲು ಆಳು ಬೇಕು. ಸೆಂಟ್ರಿಂಗ್ ಬಿಚ್ಚುವವರೆಗೆ ಅದರಡಿಯ ಕೆಲಸವೆಲ್ಲ ನಿಂತಿರುತ್ತದೆ.

ಕಚೇರಿ ಸಂಕೀರ್ಣ, ಬಹುಮಹಡಿ ಪಾರ್ಕಿಂಗ್‌ಗಳಲ್ಲಿ ಒಂದೇ ಅಳತೆಯ ಅಂಕಣ ನೂರಾರು ಸಲ ಮರುಕಳಿಸುವುದರಿಂದ ಪ್ರೀಕಾಸ್ಟ್ ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಹಲಗೆ ಟ್ರೇಲರಿನಲ್ಲಿ ಬರುತ್ತದೆ. ಕೊಂಡಿ ಸಿಕ್ಕಿಸುವವನು, ಸನ್ನೆ ಮಾಡುವವನು, ಕ್ರೇನ್ ಚಾಲಕ, ಹಲಗೆಯನ್ನು ತೂಗಾಡದಂತೆ ಹಿಡಿದು ಕೂರಿಸುವ ಇಬ್ಬರು ಮೂವರು, ಸಂದಿಗೆ ಗ್ರೌಟ್ ತುಂಬುವವರು: ಇಷ್ಟು ಜನ ಸೇರಿದರೆ ಒಂದು ತಂಡ. ಸೆಂಟ್ರಿಂಗ್ ಕೆಲಸ ಬಹುಪಾಲು ಇಲ್ಲವಾಗುತ್ತದೆ, ಕಂಬಿ ಕೆಲಸ ಕಾರ್ಖಾನೆಗೆ ಹೋಗುತ್ತದೆ. ಬದಲಿಗೆ ನಕ್ಷೆಯ ಕೆಲಸ ಹೆಚ್ಚುತ್ತದೆ; ವೈರಿಂಗ್ ಪೈಪಿನ ಜಾಗವನ್ನೂ ಎರಕಕ್ಕೆ ಮೊದಲೇ ಗೊತ್ತು ಮಾಡಬೇಕು, ಆಮೇಲೆ ಉಳಿ ಸುತ್ತಿಗೆ ಹಿಡಿದು ಗೋಡೆ ಒಡೆಯುವಂತಿಲ್ಲ.

ಬೆಂಗಳೂರಿನ ಕಣ್ಣಿಗೆ ಈ ಪದ್ಧತಿ ದೊಡ್ಡದಾಗಿ ಬಿದ್ದದ್ದು ಮೊದಲು ರಸ್ತೆಯ ಮೇಲೆ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ, 2011ರ ಅಕ್ಟೋಬರ್ 20ರಂದು ಓಡಾಟ ಶುರು ಮಾಡಿದ ನಮ್ಮ ಮೆಟ್ರೊ, ಎರಡರ ಭಾಗಗಳೂ ಯಾರ್ಡುಗಳಲ್ಲಿ ಎರಕಗೊಂಡು ಬಂದವು. ವಾಣಿಜ್ಯ ಕಟ್ಟಡಗಳ ಗುತ್ತಿಗೆದಾರರನ್ನು ಅದೇ ದಾರಿಗೆ ಎಳೆದದ್ದು ಆಳಿನ ಅಭಾವ. ರಾಯಚೂರು, ಕಲಬುರಗಿ ಕಡೆಯವರ ಜೊತೆಗೆ ಬಿಹಾರ, ಒಡಿಶಾ, ಬಂಗಾಳದವರನ್ನೂ ನೆಚ್ಚಿಕೊಂಡಿದ್ದ ಕಟ್ಟಡಗಳು 2020ರ ಲಾಕ್‌ಡೌನಿನಲ್ಲಿ ಅವರು ಊರಿಗೆ ಹೊರಟಾಗ ಸ್ತಬ್ಧವಾದವು.

ಈ ಬದಲಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಬಾಂಡ್ಲಿ ಹೊತ್ತ ಹೆಂಗಸರು. ಕ್ರೇನ್, ವೆಲ್ಡಿಂಗ್ ತರಬೇತಿಗೆ ಕರೆ ಬರುವುದು ಬಹುತೇಕ ಗಂಡಸರಿಗೇ. ಕಾನೂನಿನ ತೊಡಕು ಇನ್ನೊಂದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳಿಗೂ ನಿರ್ಮಾಣ ವೆಚ್ಚದ ಮೇಲಿನ ಸೆಸ್ಸಿಗೂ ದಾರಿ ಮಾಡಿಕೊಟ್ಟದ್ದು 1996ರ ಕಾಯ್ದೆಗಳು. ಆದರೆ 1948ರ ಕಾರ್ಖಾನೆ ಕಾಯ್ದೆಗೆ ಒಳಪಟ್ಟ ಕೆಲಸವನ್ನು ಅವು ಕಟ್ಟಡ ಕೆಲಸವೆಂದು ಎಣಿಸಲಿಲ್ಲ. ಅದೇ ಗೋಡೆಗೆ ಅದೇ ಕಂಬಿಯನ್ನು ಕಟ್ಟಡದ ಜಾಗದಲ್ಲಿ ಕಟ್ಟಿದವನು ಮಂಡಳಿಯ ನೆರವಿಗೆ ಅರ್ಹನಾದ, ಕಾರ್ಖಾನೆಯಲ್ಲಿ ಕಟ್ಟಿದವನು ಅದರಿಂದ ಹೊರಗುಳಿದ.