ಗಾಯದ ಬಳಿಗೇ ಹೋದ ಮದ್ದು

ನಮ್ಮ ಭಾವನವರ ತೊಡೆಯಲ್ಲಿ ಜೋಡಿಸಿದ್ದ ಕೃತಕ ರಕ್ತನಾಳಕ್ಕೆ ಸೋಂಕು ತಗುಲಿತು. ನಾಳವನ್ನು ತೆಗೆದರೆ ಕಾಲು ಉಳಿಯುವುದೋ ಇಲ್ಲವೋ ಎಂಬ ಚಿಂತೆ ನಮ್ಮೆಲ್ಲರದು. ವೈದ್ಯರು ಆ ಭಾಗವನ್ನು ಶುಚಿಗೊಳಿಸಿ, ಆಂಟಿಬಯಾಟಿಕ್ ಬೆರೆಸಿದ ಪುಟ್ಟ ಮಣಿಗಳನ್ನು ನಾಳದ ಸುತ್ತ ಇರಿಸಿದರು.

“ಇಂಜೆಕ್ಷನ್ ಸಾಲದೇ?” ಎಂದೆ.

“ಮೇಷ್ಟ್ರೇ, ಕೃತಕ ನಾಳದ ಮೇಲೆ ರೋಗಾಣುಗಳು ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿ ಬರುವಷ್ಟು ಮದ್ದು ಅದಕ್ಕೆ ಸಾಲದು.”

ಈ ವಿಚಾರ ಹಳೆಯದು. ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕಾಗಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿ ಕ್ಯಾರೆಲ್, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕೊಂಪಿಯೆನ್‌ನಲ್ಲಿ ಸೈನಿಕರ ಗಾಯಗಳೊಳಗೆ ರಬ್ಬರ್ ಕೊಳವೆಗಳನ್ನಿಟ್ಟರು. ರಸಾಯನಜ್ಞ ಹೆನ್ರಿ ಡೇಕಿನ್ ಸಿದ್ಧಪಡಿಸಿದ ಹೈಪೊಕ್ಲೋರೈಟ್ ದ್ರಾವಣವನ್ನು ಎರಡು ಗಂಟೆಗೊಮ್ಮೆ ಹರಿಸಿದರು. ಆಗ ಆಂಟಿಬಯಾಟಿಕ್‌ಗಳಿರಲಿಲ್ಲ. 1952ರಲ್ಲಿ ಅಮೆರಿಕದ ಆರ್ಥರ್ ವೂರ್ಹೀಸ್ ಮತ್ತು ಸಂಗಡಿಗರು ಬಟ್ಟೆಯಿಂದ ಮಾಡಿದ ನಾಳವನ್ನು ನಾಯಿಗಳಲ್ಲಿ ಬಳಸಿದ ವರದಿ ಪ್ರಕಟಿಸಿದರು. 1970ರಲ್ಲಿ ಜರ್ಮನಿಯ ಬುಖ್‌ಹೋಲ್ಜ್, ಕೃತಕ ಕೀಲನ್ನು ಕೂರಿಸುವ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದ್ದನ್ನು ತಿಳಿಸಿದರು. ಮಣಿಗಳು ಅದರ ಮುಂದಿನ ಹೆಜ್ಜೆ.

ಅನೇಕರಿಗೆ ಸೋಂಕಿತ ನಾಳವನ್ನು ತೆಗೆಯಲೇಬೇಕಾಗುತ್ತದೆ. ಭಾವನವರ ಕಾಲು ಉಳಿಯಿತು. ಮೊದಲು ಶುಚಿ, ಆಮೇಲೆ ಮದ್ದು. ಕ್ಯಾರೆಲ್ ಪಾಲಿಸಿದ ಕ್ರಮವೂ ಅದೇ.